‘ಸುದೀರ್ಘವಾಗಿ ಚರ್ಚಿಸಿ’: ನಮ್ಮ ನಗರಸಭೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಪೌರಾಯುಕ್ತರು ಹಾಗೂ ಎಲ್ಲ ಸದಸ್ಯರು,
ನಗರಸಭೆ.

ವಿಷಯ: ಸಾಮಾನ್ಯ ಸಭೆಯ ಕಾರ್ಯಸೂಚಿ, ಘಟನೋತ್ತರ ಅನುಮೋದನೆ (ಕೆಲಸ ಆಗಿಹೋದ ಮೇಲೆ ಪಡೆಯುವ ಒಪ್ಪಿಗೆ) ಮತ್ತು ನಡವಳಿ (ಸಭೆಯಲ್ಲಿ ನಡೆದದ್ದರ ದಾಖಲೆ) ಬರೆಯುವ ಕ್ರಮದ ಕುರಿತು.

ಮಾನ್ಯರೇ,

ನಾನು ಈ ಊರಿನಲ್ಲಿ ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡಿರುವವನು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಶುರು ಮಾಡಿ ಈಗ ಕಂಪ್ಯೂಟರ್ ಮುಂದೆ ಕುಳಿತಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ನನ್ನ ಬದುಕು. ಒಂದು ಕಾಲದಲ್ಲಿ ನಿಮ್ಮ ಸಭೆಯ ಕಾರ್ಯಸೂಚಿಯೂ ನನ್ನ ಟ್ರೆಡಲ್ ಯಂತ್ರದಲ್ಲೇ ಅಚ್ಚಾಗುತ್ತಿತ್ತು. ಆ ಕೆಲಸ ಕೈತಪ್ಪಿದ ಸಿಟ್ಟಿಗೆ ಈ ಪತ್ರ ಬರೆದಿದ್ದಾನೆ ಎಂದು ಯಾರಾದರೂ ನಗುವ ಮೊದಲೇ ಹೇಳಿಬಿಡುತ್ತೇನೆ: ಅದು ಕೈತಪ್ಪಿ ಬಹಳ ವರ್ಷಗಳಾದವು, ಮತ್ತು ಅದರ ಬಿಲ್ಲಿಗಾಗಿ ಅಲೆದಾಡಿದ್ದನ್ನು ನೆನೆದರೆ ತಪ್ಪಿದ್ದೇ ಒಳ್ಳೆಯದಾಯಿತು.

ನಾನು ಸಭೆಗೆ ಬರತೊಡಗಿದ್ದಕ್ಕೆ ಕಾರಣ ಒಂದು ಚರಂಡಿ. ಕಳೆದ ವರ್ಷದ ಹಿಂಗಾರು ಮಳೆಯಲ್ಲಿ ನಮ್ಮ ಬೀದಿಯ ದೊಡ್ಡ ಚರಂಡಿ ಉಕ್ಕಿ, ಅಂಗಡಿಯೊಳಗೆ ಮೊಣಕಾಲುದ್ದ ನೀರು ನಿಂತು, ಕಾಗದದ ಬಂಡಲುಗಳು ನೆನೆದು ಮುದ್ದೆಯಾದವು. ಪಕ್ಕದ ಹಿಟ್ಟಿನ ಗಿರಣಿಯವರದು ನನಗಿಂತ ಹೆಚ್ಚು ನಷ್ಟ. ಇಬ್ಬರೂ ಹೋಗಿ ಕಚೇರಿಯಲ್ಲಿ ವಿಚಾರಿಸಿದೆವು. ಸಂಬಂಧಪಟ್ಟ ಕಿರಿಯ ಎಂಜಿನಿಯರ್ ಸೌಜನ್ಯದಿಂದಲೇ ಉತ್ತರಿಸಿದರು: ‘ಆ ಚರಂಡಿಯ ಹೂಳು ತೆಗೆದು ಆಗಿದೆಯಲ್ಲ, ಜೆಸಿಬಿ ಬಾಡಿಗೆಯ ಬಿಲ್ ಮುಂದಿನ ಸಭೆಗೆ ಬರುತ್ತದೆ.’ ಹೂಳು ಯಾವಾಗ ತೆಗೆದರು, ಎಲ್ಲಿಂದ ಎಲ್ಲಿಯವರೆಗೆ ತೆಗೆದರು ಎಂದು ಕೇಳಿದ್ದಕ್ಕೆ, ‘ಅದನ್ನೆಲ್ಲ ಸಭೆಯಲ್ಲಿ ನೋಡುತ್ತಾರೆ’ ಎಂದರು. ನೋಡುತ್ತಾರೆ ಎಂದಮೇಲೆ, ನೋಡುವುದನ್ನು ನೋಡೋಣ ಎಂದು ನಾನು 2025ರ ಜನವರಿಯ ಸಾಮಾನ್ಯ ಸಭೆಗೆ ಬಂದೆ. ಅಲ್ಲಿಂದ ಈಚೆಗೆ ಒಟ್ಟು ಐದು ಸಭೆಗಳಲ್ಲಿ ಸಾರ್ವಜನಿಕರ ಸಾಲಿನಲ್ಲಿ ಕುಳಿತಿದ್ದೇನೆ. ಸಾಲು ಎನ್ನುವುದು ದೊಡ್ಡ ಮಾತು. ಗೋಡೆಗೆ ಒತ್ತಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮೂರರಲ್ಲಿ ಕೆಲವು ಸದಸ್ಯೆಯರ ಪತಿಯರು ಕುಳಿತಿರುತ್ತಾರೆ, ನಾಲ್ಕನೆಯದು ನನ್ನದು.

ಜನವರಿಯ ಆ ಸಭೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದರ ನಡವಳಿಯ ಪ್ರತಿ ಈಗ ನನ್ನ ಮೇಜಿನ ಮೇಲಿದೆ.

ನೋಟಿಸಿನಲ್ಲಿ ಸಮಯ ಬೆಳಗ್ಗೆ ಹನ್ನೊಂದು. ಸಭೆ ಆರಂಭವಾದದ್ದು ಹನ್ನೆರಡೂ ಇಪ್ಪತ್ತಕ್ಕೆ. ಕಾರ್ಯಸೂಚಿಯಲ್ಲಿ 46 ವಿಷಯಗಳಿದ್ದವು. ಜೊತೆಗೆ ಆ ಹೊತ್ತಿಗೆ ಮೇಜಿನ ಮೇಲೆ ಹಂಚಿದ ಹೆಚ್ಚುವರಿ ಪಟ್ಟಿ ಬೇರೆ. ಹಿಂದಿನ ಸಭೆಯ ನಡವಳಿಯನ್ನು ‘ಓದಿ ದೃಢೀಕರಿಸುವುದು’ ಮೊದಲ ವಿಷಯ. ಯಾರೂ ಓದಲಿಲ್ಲ, ದೃಢವಾಯಿತು. ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿರುವ ಬಗ್ಗೆ ಮೂರ್ನಾಲ್ಕು ಸದಸ್ಯರು ಜೋರಾಗಿ ಮಾತನಾಡಿದರು. ಆಡಬೇಕಾದ ಮಾತೇ ಅದು. ಬಳಿಕ ಎಂಟನೇ ವಿಷಯ ಬಂತು, ಒಂದು ವೃತ್ತಕ್ಕೆ ಯಾರ ಹೆಸರಿಡಬೇಕು ಎಂಬುದು. ಅದಕ್ಕೆ ಐವತ್ತು ನಿಮಿಷ. ಎರಡು ಗುಂಪಾಯಿತು, ಒಬ್ಬರು ಎದ್ದು ಹೊರಟರು, ಇನ್ನೊಬ್ಬರು ಕರೆತಂದರು, ಕೊನೆಗೆ ಮುಂದಿನ ಸಭೆಗೆ ಹೋಯಿತು. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಒಂಬತ್ತರಿಂದ ನಲವತ್ತಾರರವರೆಗಿನ ವಿಷಯಗಳ ಸಂಖ್ಯೆಯನ್ನು ಮಾತ್ರ ಗುಮಾಸ್ತರು ಓದುತ್ತಾ ಹೋದರು, ಮೇಜಿನ ಸುತ್ತಲಿಂದ ‘ಒಪ್ಪಿದೆ, ಒಪ್ಪಿದೆ’ ಎಂಬ ಸದ್ದು ಬರುತ್ತಾ ಹೋಯಿತು. ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಮೂವತ್ತೆಂಟು ವಿಷಯಗಳಿಗೆ ಹತ್ತೊಂಬತ್ತು ನಿಮಿಷ, ಅಂದರೆ ಒಂದಕ್ಕೆ ಅರ್ಧ ನಿಮಿಷ. ನನ್ನ ಚರಂಡಿಯ ವಿಷಯ ಇಪ್ಪತ್ತೇಳನೆಯದು. ಅದು ಬಂದದ್ದು, ಹೋದದ್ದು ನನಗೇ ತಿಳಿಯಲಿಲ್ಲ. ಪಕ್ಕದ ಕುರ್ಚಿಯವರನ್ನು ಕೇಳಿದೆ. ‘ಆಗಲೇ ಪಾಸಾಯಿತಲ್ಲ’ ಎಂದರು.

ಆ ಹತ್ತೊಂಬತ್ತು ನಿಮಿಷದಲ್ಲಿ ಒಮ್ಮೆ ಮಾತ್ರ ತಡೆ ಬಂತು. ಮೊದಲ ಸಲ ಗೆದ್ದು ಬಂದಿರುವ ಒಬ್ಬ ಸದಸ್ಯೆ ಎದ್ದು ನಿಂತು, ‘ಮೂವತ್ತೊಂದನೇ ವಿಷಯದ ಟಿಪ್ಪಣಿಯ ಪುಟ ನನ್ನ ಪ್ರತಿಯಲ್ಲಿ ಇಲ್ಲ. ಓದದೆ ಹೇಗೆ ಒಪ್ಪಲಿ?’ ಎಂದು ಕೇಳಿದರು. ಅವರ ದನಿ ಸಣ್ಣದು, ಪ್ರಶ್ನೆ ಸಣ್ಣದಾಗಿರಲಿಲ್ಲ. ‘ಆಮೇಲೆ ಕೊಡಿಸುತ್ತೇವೆ ಮೇಡಂ’ ಎಂದು ವೇದಿಕೆಯಿಂದ ಉತ್ತರ ಬಂತು, ಸಂಖ್ಯೆ ಮೂವತ್ತೆರಡಕ್ಕೆ ಹೋಯಿತು.

ನಡವಳಿಯ ಪ್ರತಿಗಾಗಿ ನಾನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಇಪ್ಪತ್ತೊಂಬತ್ತನೇ ದಿನ ಪ್ರತಿ ಸಿಕ್ಕಿತು. ಕಾನೂನಿನ ಮೂವತ್ತು ದಿನದೊಳಗೆ ಕೊಟ್ಟಿದ್ದಕ್ಕೆ ಕಚೇರಿಗೆ ವಂದನೆ. ಆದರೆ ಓದಲು ಕುಳಿತಾಗ ನನಗೆ ಬೇರೊಂದು ಸಭೆಯ ನಡವಳಿ ಕೊಟ್ಟಿದ್ದಾರೇನೋ ಎಂದು ಅನುಮಾನವಾಯಿತು. ಇಪ್ಪತ್ತೇಳನೇ ವಿಷಯದ ಎದುರು ಹೀಗಿದೆ: ‘ಸದರಿ ವಿಷಯವನ್ನು ಸಭೆಯು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಘಟನೋತ್ತರ ಅನುಮೋದನೆ ನೀಡಿ ತೀರ್ಮಾನಿಸಿತು.’ ಇಪ್ಪತ್ತೆಂಟರ ಎದುರು ಅದೇ ವಾಕ್ಯ. ಮೂವತ್ತೊಂದರ ಎದುರೂ ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ’. ಆ ಸದಸ್ಯೆಯ ಪ್ರಶ್ನೆ ಎಲ್ಲಿಯೂ ಇಲ್ಲ. ಅವರು ಅಂದು ಸಭೆಯಲ್ಲಿ ಮಾತನಾಡಿದ್ದಕ್ಕೆ ನಗರಸಭೆಯ ದಾಖಲೆಯಲ್ಲಿ ಸಾಕ್ಷಿಯೇ ಇಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಲ್ಲಿದ್ದವರೇ ಸಾಕ್ಷಿ.

ವೃತ್ತದ ಹೆಸರಿನ ವಿಷಯಕ್ಕೂ ಅದೇ ‘ಸುದೀರ್ಘವಾಗಿ ಚರ್ಚಿಸಿ’. ಐವತ್ತು ನಿಮಿಷಕ್ಕೂ ಅರ್ಧ ನಿಮಿಷಕ್ಕೂ ಒಂದೇ ಪದ! ಕರಡು ತಿದ್ದುವ ಕಸುಬಿನವನಾದ್ದರಿಂದ ನನ್ನ ಕಣ್ಣು ತಾನಾಗಿ ಅಚ್ಚಿನ ತಪ್ಪಿನ ಕಡೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಖರೀದಿಯ ವಿಷಯದಲ್ಲಿ ‘ಸದರಿ ಕಾಮಗಾರಿಯ ಗುಣಮಟ್ಟವನ್ನು ಪರಿಶೀಲಿಸಿ’ ಎಂದಿದೆ. ಬ್ಲೀಚಿಂಗ್ ಪೌಡರ್ ಯಾವಾಗ ಕಾಮಗಾರಿಯಾಯಿತು? ಮೇಲಿನ ರಸ್ತೆ ಕಾಮಗಾರಿಯ ವಾಕ್ಯವನ್ನು ಹಾಗೆಯೇ ಕೆಳಗಿಳಿಸಿದ್ದಾರೆ, ಅಷ್ಟೇ. ಇದನ್ನು ಬರೆದ ಗುಮಾಸ್ತರನ್ನು ನಾನು ದೂರುವುದಿಲ್ಲ. ಸಭೆಯಲ್ಲಿ ಯಾರೂ ಏನೂ ಹೇಳದಿದ್ದಾಗ ಅವರಾದರೂ ಏನು ಬರೆದಾರು? ಮೊದಲೆಲ್ಲ ಪುಸ್ತಕದ ಕೊನೆಗೆ ‘ತಪ್ಪು–ಒಪ್ಪು’ ಎಂಬ ಪುಟ ಹಾಕುತ್ತಿದ್ದೆವು. ಒಪ್ಪು ಎಂದರೆ ಸರಿಯಾದದ್ದು. ನಿಮ್ಮ ನಡವಳಿಯಲ್ಲಿ ಬರಿಯ ಒಪ್ಪಿಗೆಯಿದೆ, ತಪ್ಪಿಗೆ ಜಾಗವೇ ಇಲ್ಲ.

ಇನ್ನು ‘ಘಟನೋತ್ತರ’. ಆ 46 ವಿಷಯಗಳಲ್ಲಿ 17 ಈ ಜಾತಿಯವು, ಅಂದರೆ ಕೆಲಸ ಆಗಿಹೋದ ಮೇಲೆ, ಹಲವು ಸಲ ಹಣವೂ ಹೋದ ಮೇಲೆ, ಸಭೆಯ ಮುಂದೆ ಒಪ್ಪಿಗೆಗೆ ಬಂದವು. ಮಧ್ಯರಾತ್ರಿ ನೀರಿನ ಕೊಳವೆ ಒಡೆದರೆ ಸಭೆ ಕರೆದು ಕೂರಲಾಗುವುದಿಲ್ಲ, ಒಪ್ಪುತ್ತೇನೆ. ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತಲು ಕೋರಂ ಬೇಡ. ಆದರೆ ಪಟ್ಟಿಯಲ್ಲಿ ಏನೇನಿತ್ತು? ನವೆಂಬರ್ ತಿಂಗಳ ಕನ್ನಡ ರಾಜ್ಯೋತ್ಸವದ ಶಾಮಿಯಾನ, ಹೂವಿನ ಕಮಾನು, ಫ್ಲೆಕ್ಸ್ ಮತ್ತು ಉಪಾಹಾರದ ವೆಚ್ಚ. ನವೆಂಬರ್ 1 ನವೆಂಬರ್ ಒಂದಕ್ಕೇ ಬರುತ್ತದೆ ಎಂಬುದು ತುರ್ತು ಸುದ್ದಿಯೇ? ಫಿನಾಯಿಲ್, ಪೊರಕೆ, ಬೀದಿದೀಪದ ಸಾಮಗ್ರಿ, ಟ್ರ್ಯಾಕ್ಟರ್ ಬಾಡಿಗೆ, ಕಂಪ್ಯೂಟರಿನ ಟೋನರ್ ಇವೆಲ್ಲ ಪ್ರತಿ ತಿಂಗಳೂ ಬೇಕಾಗುವ ವಸ್ತುಗಳು. ಮನೆ ನಡೆಸುವ ಯಾವ ಗೃಹಿಣಿಯೂ ತಿಂಗಳ ದಿನಸಿಯನ್ನು ಅನಿರೀಕ್ಷಿತ ಎನ್ನುವುದಿಲ್ಲ. ಆಮೇಲಿನ ನಾಲ್ಕು ಸಭೆಗಳಲ್ಲೂ ಇಂಥ ವಿಷಯಗಳು ಡಜನ್ನಿಗೆ ಕಡಿಮೆಯಾಗಲಿಲ್ಲ. ಅದೇ ವೇಳೆ, ಪೌರಕಾರ್ಮಿಕರಿಗೆ ಗಂಬೂಟು ಮತ್ತು ಕೈಗವಸು ಕೊಳ್ಳುವ ಪ್ರಸ್ತಾವ ಮಾತ್ರ ಮೊದಲೇ ಅನುಮತಿಗೆ ಬಂತು, ಎರಡು ಸಲ ಮುಂದಕ್ಕೂ ಹೋಯಿತು. ನಮ್ಮ ಬೀದಿ ಗುಡಿಸುವ ತಾಯಿ ಇವತ್ತಿಗೂ ಬರಿಗೈಯಲ್ಲಿ ಚರಂಡಿಯ ಕಸ ಎತ್ತುತ್ತಿದ್ದಾರೆ. ಅವರ ಕೈಗವಸಿಗೆ ಮಾತ್ರ ಯಾರಿಗೂ ಅವಸರವಿರಲಿಲ್ಲ.

ಇದರಲ್ಲಿ ಹಣ ದುರುಪಯೋಗವಾಗಿದೆ ಎಂದು ನಾನು ಹೇಳುತ್ತಿಲ್ಲ. ಹೇಳಲು ನನ್ನ ಬಳಿ ಆಧಾರವಿಲ್ಲ. ನನ್ನ ದೂರು ಅದಕ್ಕಿಂತ ಹಿಂದಿನದು: ಆಗಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ಈ ಕ್ರಮ ಮುಚ್ಚಿಬಿಟ್ಟಿದೆ. ನನಗಷ್ಟೇ ಅಲ್ಲ, ಸದಸ್ಯರಾದ ನಿಮಗೂ. ಚರಂಡಿಯ ವಿಷಯವನ್ನೇ ನೋಡಿ. ಟಿಪ್ಪಣಿಯಲ್ಲಿ ಒಂದು ಮೊತ್ತವಿದೆ, ‘ವಿವಿಧ ಕಡೆ’ ಎಂಬ ಪದವಿದೆ. ಜೆಸಿಬಿ ಎಷ್ಟು ಗಂಟೆ ಓಡಿತು, ಯಾವ ಬೀದಿಯಲ್ಲಿ, ಯಾವ ದಿನ, ಎಷ್ಟು ಲೋಡು ಹೂಳು ಎಲ್ಲಿಗೆ ಹೋಯಿತು, ಅಳತೆ ಪುಸ್ತಕದಲ್ಲಿ ಏನು ದಾಖಲಾಗಿದೆ ಎಂಬ ಒಂದೂ ಇಲ್ಲ. ಬಹುಶಃ ನಿಜವಾಗಿಯೂ ಊರಿನ ಇನ್ನೊಂದು ತುದಿಯಲ್ಲಿ ಹೂಳು ತೆಗೆದಿರಬಹುದು. ಹಾಗಿದ್ದರೆ ಹಾಗೆಂದು ಬರೆದಿದ್ದರೆ ಸಾಕಿತ್ತು. ನಾನು ನನ್ನ ಬೀದಿಯ ಸರದಿ ಯಾವಾಗ ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಪ್ರಾಮಾಣಿಕವಾಗಿ ಕೆಲಸ ಮಾಡಿದ ಎಂಜಿನಿಯರನ್ನೂ ‘ವಿವಿಧ ಕಡೆ’ ಎಂಬ ಪದ ಕಳ್ಳನಂತೆ ಕಾಣಿಸುತ್ತದೆ.

ಪ್ರತಿ ಸಭೆಯಲ್ಲೂ ಇರುವ ಇನ್ನೊಂದು ವಿಷಯ ಜಮಾ–ಖರ್ಚು. ‘ಓದಿ ಅನುಮೋದಿಸುವುದು’ ಎಂದಿರುತ್ತದೆ, ಐದು ಸಭೆಗಳಲ್ಲಿ ಒಮ್ಮೆಯೂ ಓದಿದ್ದನ್ನು ಕೇಳಲಿಲ್ಲ. ನಾನು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿ ಶೇ 5ರ ರಿಯಾಯಿತಿ ಪಡೆಯುವ ಲೆಕ್ಕಾಚಾರದ ಮನುಷ್ಯ. ಚಲನ್‌ನಲ್ಲಿ ತೆರಿಗೆಯ ಜೊತೆ ಉಪಕರಗಳೂ ಇರುತ್ತವೆ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯದ ಉಪಕರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು. ಅದು ನಗರಸಭೆಯ ಸ್ವಂತ ಹಣವಲ್ಲ, ವಸೂಲಿ ಮಾಡಿ ಗ್ರಂಥಾಲಯಕ್ಕೆ ತಲುಪಿಸಬೇಕಾದ ಹಣ. ನಮ್ಮ ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಸಂಖ್ಯೆ ಇಳಿಯುತ್ತಾ ಬಂದಿದೆ, ಫ್ಯಾನು ಒಂದು ತಿರುಗುತ್ತದೆ, ಒಂದು ತಿರುಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ತೆರಿಗೆಯ ಪ್ರತಿ ರೂಪಾಯಿಗೆ ನಾವು ಕಟ್ಟಿದ ಆ ಆರು ಪೈಸೆಗಳಲ್ಲಿ ಎಷ್ಟು ಅವರವರೆಗೆ ಹೋಗಿದೆ, ಎಷ್ಟು ನಗರಸಭೆಯ ಖಾತೆಯಲ್ಲೇ ಉಳಿದಿದೆ? ಜಮಾ–ಖರ್ಚನ್ನು ಒಂದೇ ಒಂದು ಸಭೆಯಲ್ಲಿ ಗಟ್ಟಿಯಾಗಿ ಓದಿದ್ದರೆ ಈ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತಿತ್ತು.

ಸದಸ್ಯರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 2018ರ ಆಗಸ್ಟ್ 31ರಂದು ನಾವು ನಿಮಗೆ ಮತ ಹಾಕಿದೆವು. ಅಧ್ಯಕ್ಷ–ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀವು ಗೆದ್ದೂ ಕೂರಲು ಕುರ್ಚಿಯಿಲ್ಲದಂತಿದ್ದಿರಿ. 2020ರ ಕೊನೆಗೆ ಅಧ್ಯಕ್ಷರು ಬಂದರು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬೇಕಾಯಿತು. ನಡುವೆ ಆಡಳಿತಾಧಿಕಾರಿ. ಒಬ್ಬರೇ ಅಧಿಕಾರಿ ಸಹಿ ಹಾಕಿದರೆ ಕೆಲಸವಾಗುವ ಆ ದಿನಗಳಲ್ಲಿ, ಸಭೆಯಿಲ್ಲದೆಯೂ ನಗರಸಭೆ ನಡೆಯುತ್ತದೆ ಎಂಬ ಅಭ್ಯಾಸ ಕಚೇರಿಗೆ ಅಂಟಿಕೊಂಡಿತು. ಇದು ನನ್ನ ಅನುಮಾನ. ಸಭೆ ಮತ್ತೆ ಬಂದಾಗ ಆ ಅಭ್ಯಾಸ ಹೋಗಲಿಲ್ಲ, ‘ಘಟನೋತ್ತರ’ ಎಂಬ ಅಂಗಿ ತೊಟ್ಟು ಒಳಗೇ ಉಳಿಯಿತು. ಸಭೆ ಇರುವುದು ಆಗಿದ್ದಕ್ಕೆ ಮುದ್ರೆ ಒತ್ತಲು ಎಂದಾದರೆ, 31 ವಾರ್ಡುಗಳಿಂದ 31 ಜನರನ್ನು ಆರಿಸಿ ಕಳುಹಿಸುವ ಅಗತ್ಯವೇನಿತ್ತು? ಮುದ್ರೆ ಒತ್ತುವ ಕೆಲಸಕ್ಕೆ ನನ್ನಂಥ ಒಬ್ಬ ಮುದ್ರಕ ಸಾಕು.

ನಾನು ಕಾನೂನು ಓದಿದವನಲ್ಲ. ಆದರೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ತಿಂಗಳಿಗೊಂದು ಸಾಮಾನ್ಯ ಸಭೆ ಬೇಕು ಎನ್ನುತ್ತದೆ, ಅದಕ್ಕೆ ಪೂರ್ಣ ಏಳು ದಿನಗಳ ಮುಂಚೆ ವಿಷಯಗಳ ಸಮೇತ ನೋಟಿಸ್ ಕೊಡಬೇಕು ಎನ್ನುತ್ತದೆ ಎಂಬಷ್ಟು ತಿಳಿದುಕೊಂಡಿದ್ದೇನೆ. ಹಿಂದೆ ನೀವು ಅಚ್ಚು ಹಾಕಲು ನನಗೆ ಕೊಡುತ್ತಿದ್ದುದೂ ಅದೇ ಲೆಕ್ಕದಲ್ಲಿ. ಹತ್ತು ದಿನ ಮುಂಚೆ ಕೈಬರಹದ ಪ್ರತಿ ಬರುತ್ತಿತ್ತು, ಎರಡು ದಿನದಲ್ಲಿ ಪ್ರೂಫ್, ಮಾರನೆಯ ದಿನ ಜವಾನರು ಮನೆಮನೆಗೆ ಮುಟ್ಟಿಸುತ್ತಿದ್ದರು. ಈಗ ನೋಟಿಸಿನ ಹಾಳೆ ಮಾತ್ರ ಏಳು ದಿನ ಮುಂಚೆ ಹೊರಡುತ್ತದೆ. ಟಿಪ್ಪಣಿಗಳ ಕಡತ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ ಎಂದು ಸದಸ್ಯರೇ ನನ್ನೊಂದಿಗೆ ಹೇಳಿದ್ದಾರೆ. ಇನ್ನೂರು ಪುಟವನ್ನು ಅಂಗೈಯಗಲದ ಪರದೆಯಲ್ಲಿ ರಾತ್ರಿ ಹತ್ತರ ಮೇಲೆ ಯಾರು ಓದುತ್ತಾರೆ? 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಇನ್ನೂ ಮುಂದೆ ಹೋಗುತ್ತದೆ. ಸಭೆಗಳಿಗೆ ಸಾರ್ವಜನಿಕರು ಬರಬಹುದೇ, ನಡವಳಿ ಅವರಿಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಿ ಎನ್ನುತ್ತದೆ. 15ನೇ ಹಣಕಾಸು ಆಯೋಗವೂ ಲೆಕ್ಕಪತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ ಸ್ಥಳೀಯ ಸಂಸ್ಥೆಗಳಿಗೇ ಅನುದಾನ ಎಂಬ ಷರತ್ತು ಇಟ್ಟಿತ್ತು. ಪ್ರಮಾಣಪತ್ರ ಬೇಕೆಂದು ಬರುವ ನಮಗೆ ‘ಸಕಾಲ’ದಲ್ಲಿ ಗಡುವಿದೆ, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ ಪರಿಹಾರವಿದೆ. ನಿಮ್ಮ ನಡವಳಿಗೂ ಒಂದು ಗಡುವನ್ನು ನೀವೇ ಹಾಕಿಕೊಳ್ಳಲು ಯಾವ ಕಾಯ್ದೆಯೂ ಅಡ್ಡಿ ಮಾಡುವುದಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ಕಾರ್ಯಸೂಚಿಯನ್ನು ಟಿಪ್ಪಣಿ ಸಮೇತ ಏಳು ದಿನ ಮುಂಚೆ ಸದಸ್ಯರಿಗೆ ಕಾಗದದಲ್ಲಿ ಕೊಡಿ, ಒಂದು ಪ್ರತಿಯನ್ನು ಕಚೇರಿಯ ಸೂಚನಾ ಫಲಕದಲ್ಲೂ ಒಂದನ್ನು ನಗರ ಗ್ರಂಥಾಲಯದಲ್ಲೂ ಇಡಿ. ಪುಟ ಸಿಗದ ಸದಸ್ಯರು ಎದ್ದು ನಿಂತರೆ ಆ ವಿಷಯವನ್ನು ಅಲ್ಲಿಯೇ ತಡೆಹಿಡಿಯಿರಿ.

ಘಟನೋತ್ತರ ವಿಷಯಗಳನ್ನು ಉಳಿದವುಗಳ ನಡುವೆ ಬೆರೆಸದೆ ಬೇರೆ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಮೂರು ಸಂಗತಿಗಳಿರಲಿ: ಕೆಲಸಕ್ಕೆ ಆದೇಶ ಕೊಟ್ಟವರು ಯಾರು, ಯಾವ ದಿನ, ಸಭೆಗೆ ಕಾಯಲು ಆಗದಿದ್ದ ಕಾರಣವೇನು. ‘ವಿವಿಧ ಕಡೆ’ ಎಂದಿರುವಲ್ಲೆಲ್ಲ ಬೀದಿಯ ಹೆಸರು ಬರಲಿ. ಕಾರಣ ಬರೆಯಲಾಗದ ಬಿಲ್ಲನ್ನು ಆ ಸಭೆಯಲ್ಲಿ ಒಪ್ಪಬೇಡಿ. ರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ತಿಂಗಳ ಸಾಮಗ್ರಿ ಇವಕ್ಕೆಲ್ಲ ವರ್ಷದ ಆರಂಭದಲ್ಲೇ ಅನುಮತಿ ಪಡೆದರೆ ಅರ್ಧ ಪಟ್ಟಿ ಕರಗುತ್ತದೆ, ಕೈಗವಸಿನ ವಿಷಯಕ್ಕೆ ಸಮಯ ಸಿಗುತ್ತದೆ.

ನಡವಳಿಯಲ್ಲಿ ನಡೆದದ್ದು ಬರಲಿ. ಚರ್ಚೆಯಾಗದಿದ್ದರೆ ‘ಚರ್ಚೆಯಿಲ್ಲದೆ ಅನುಮೋದಿಸಲಾಯಿತು’ ಎಂದೇ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಪ್ರಶ್ನೆ ಕೇಳಿದವರ ಹೆಸರು, ಪ್ರಶ್ನೆ, ಕೊಟ್ಟ ಉತ್ತರ ಇರಲಿ. ವಿರೋಧಿಸಿದವರಿದ್ದರೆ ಅದೂ ಇರಲಿ. ಹದಿನೈದು ದಿನದೊಳಗೆ ಸೂಚನಾ ಫಲಕಕ್ಕೆ ಬರಲಿ. ಜನವರಿ ಸಭೆಯ ಮೂವತ್ತೊಂದನೇ ವಿಷಯದ ನಡವಳಿಯನ್ನು ತಿದ್ದಿ ಆ ಸದಸ್ಯೆಯ ಪ್ರಶ್ನೆಯನ್ನು ಸೇರಿಸಬೇಕೆಂದು ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ಇದನ್ನು ಅವರು ನನಗೆ ಹೇಳಿಲ್ಲ, ಅವರ ಪರಿಚಯವೂ ನನಗಿಲ್ಲ.

ಗ್ರಂಥಾಲಯದ ಉಪಕರದ ಲೆಕ್ಕವನ್ನು ಮುಂದಿನ ಸಭೆಯ ಜಮಾ–ಖರ್ಚಿನ ಜೊತೆ ಓದಿಸಿ: ಈ ಐದು ವರ್ಷಗಳಲ್ಲಿ ವಸೂಲಾದದ್ದೆಷ್ಟು, ಪಾವತಿಯಾದದ್ದೆಷ್ಟು.

ಕೊನೆಯದು ಸ್ವಲ್ಪ ಅವಸರದ್ದು. ನಿಮ್ಮ ಅವಧಿ ಮುಗಿಯಲು ಇನ್ನು ಕೆಲವೇ ತಿಂಗಳಿವೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಆದರೂ ಹಿಂದಿನ ಅನುಭವ ನೋಡಿದರೆ ಮತ್ತೆ ಆಡಳಿತಾಧಿಕಾರಿಯ ಕಾಲವೇ ಬರಬಹುದು. ಆಗ ಕೇಳಲು ಸಭೆಯೂ ಇರುವುದಿಲ್ಲ, ಕೂರಲು ನಾಲ್ಕನೇ ಕುರ್ಚಿಯೂ ಇರುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಅವಧಿಯ ಎಲ್ಲ ಸಭೆಗಳ ನಡವಳಿಗಳನ್ನು ಹೊಲಿದು, ಒಂದು ಸಂಪುಟ ಮಾಡಿ ಗ್ರಂಥಾಲಯಕ್ಕೆ ಕೊಡಿ. ಹೊಲಿಗೆ ಮತ್ತು ರಟ್ಟಿನ ಕೆಲಸ ನಾನು ಉಚಿತವಾಗಿ ಮಾಡಿಕೊಡುತ್ತೇನೆ. ಕರಡು ತಿದ್ದಬೇಕಿದ್ದರೆ ಅದನ್ನೂ ಮಾಡುತ್ತೇನೆ. ಬ್ಲೀಚಿಂಗ್ ಪೌಡರಿನ ಕಾಮಗಾರಿಯಿಂದ ಶುರು ಮಾಡಬಹುದು.

ಚರಂಡಿಯ ವಿಷಯವಾಗಿ ಗಿರಣಿಯವರೂ ನಾನೂ ಸಹಿ ಮಾಡಿದ ಅರ್ಜಿ ನಿಮ್ಮ ಟಪಾಲು ವಿಭಾಗದಲ್ಲಿದೆ, ಸ್ವೀಕೃತಿ ನಮ್ಮ ಬಳಿ ಇದೆ. ಈ ವರ್ಷದ ಹಿಂಗಾರು ಮಳೆ ಇನ್ನೂ ಆರಂಭವಾಗಿಲ್ಲ. ಜೆಸಿಬಿ ಬರುವ ದಿನವನ್ನು ಮುಂಚೆಯೇ ತಿಳಿಸಿದರೆ, ಎಷ್ಟು ಗಂಟೆ ಓಡಿತೆಂದು ನಾವಿಬ್ಬರೂ ಬರೆದಿಟ್ಟುಕೊಂಡು ಕಚೇರಿಗೆ ಒಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಈ ನಗರದ ಒಬ್ಬ ಮುದ್ರಕ ಮತ್ತು ಆಸ್ತಿ ತೆರಿಗೆದಾರ